ಹೆಸರೇ ಒಂದು ಪ್ರಶ್ನೆ

ಮಕ್ಕಳೇ, ‘ಏಕೆ?’ ಎಂದು ಕೇಳದ ಮಗುವನ್ನು ನಾನಿನ್ನೂ ಕಂಡಿಲ್ಲ. ಮಳೆ ಏಕೆ, ಶಾಲೆ ಏಕೆ, ಹಾಗಲಕಾಯಿ ಕಹಿ ಏಕೆ? ಉತ್ತರ ಹೇಳಿ ಹೇಳಿ ಅಜ್ಜ-ಅಜ್ಜಿಯರ ಬಾಯಿ ಒಣಗುತ್ತದೆ. ಈ ವಾರ ನಾನು ಹೇಳಹೊರಟಿರುವುದು ‘ಏಕೆ’ ಎಂಬುದೇ ಹೆಸರಾದ ಒಬ್ಬ ಹುಡುಗನ ಕಥೆ. ಕಟ್ಟುಕಥೆಯಲ್ಲ, ನಿಜವಾಗಿ ನಡೆದದ್ದು.

1966ರಲ್ಲಿ ಆಫ್ರಿಕಾದ ಇಥಿಯೋಪಿಯಾದಿಂದ ಒಬ್ಬ ತರುಣಿ ಓದಲೆಂದು ಇಂಗ್ಲೆಂಡಿಗೆ ಬಂದಳು. ಮರುವರ್ಷ ವಿಗನ್ ಪಟ್ಟಣದ ಬಳಿ ಅವಳಿಗೆ ಗಂಡುಮಗು ಹುಟ್ಟಿತು. ಲೆಮ್ನ್ ಎಂದು ಹೆಸರಿಟ್ಟಳು. ಓದು ಮುಗಿಯುವ ತನಕ ಯಾರಾದರೂ ಮಗುವನ್ನು ನೋಡಿಕೊಂಡರೆ ಸಾಕು ಎಂಬುದು ಅವಳ ಆಸೆ. ದತ್ತು ಕೊಡುವ ಪತ್ರಕ್ಕೆ ಅವಳು ಸಹಿ ಹಾಕಲೇ ಇಲ್ಲ. ಆದರೆ ಅಧಿಕಾರಿಯೊಬ್ಬರು ಮಗುವಿಗೆ ತಮ್ಮದೇ ಹೆಸರು ‘ನಾರ್ಮನ್’ ಎಂದಿಟ್ಟು, ಬಿಳಿಯರ ಮನೆಯೊಂದಕ್ಕೆ ಒಪ್ಪಿಸಿದರು. ಇದನ್ನು ದತ್ತು ಎಂದೇ ತಿಳಿಯಿರಿ ಎಂದರು.

ನಾರ್ಮನ್ ಆ ಮನೆಯಲ್ಲೇ ಬೆಳೆದ. ಅವರನ್ನೇ ಅಪ್ಪ, ಅಮ್ಮ ಎಂದ. ಆದರೆ ಕನ್ನಡಿಯಲ್ಲಿ ಕಾಣುವ ತನ್ನ ಮುಖದಂಥ ಮುಖ ಆ ಮನೆಯಲ್ಲಿ ಇನ್ನೊಂದಿರಲಿಲ್ಲ. ಹೆತ್ತವಳಿಗೆ ತಾನು ಬೇಡವಾಗಿದ್ದೆ ಎಂದೇ ನಂಬಿದ್ದ. 12 ವರ್ಷವಾದಾಗ ಆ ಮನೆಯವರೂ ಅವನನ್ನು ಬಿಟ್ಟುಕೊಟ್ಟರು. ಮುಂದಿನ ಬದುಕು ಒಂದಾದ ಮೇಲೊಂದು ಮಕ್ಕಳ ವಸತಿಗೃಹಗಳಲ್ಲಿ.

18ರ ಹೊಸ್ತಿಲಲ್ಲಿ ಅವನ ಕೈಗೆ ಎರಡು ಕಾಗದ ಬಂದವು. ಒಂದು ಜನನ ಪತ್ರ. ಅದರಲ್ಲಿದ್ದ ಹೆಸರು ಲೆಮ್ನ್ ಸಿಸೇ. ಇನ್ನೊಂದು, 1968ರಲ್ಲಿ ಅವನ ತಾಯಿ ಬರೆದ ಪತ್ರ. ಮಗನನ್ನು ಮರಳಿ ಕೊಡಿ, ಅವನು ತನ್ನ ಜನರ ನಡುವೆ ಬೆಳೆಯಲಿ, ಮೈಬಣ್ಣದ ಕಾರಣಕ್ಕೆ ನೋವುಣ್ಣದಿರಲಿ ಎಂದು ಆಕೆ ಬೇಡಿಕೊಂಡಿದ್ದಳು. ತಾನು ಯಾರಿಗೂ ಬೇಡದವನಲ್ಲ ಎಂದು ಅವನಿಗೆ ತಿಳಿದದ್ದು ಅಂದು!

ಅವನ ತಾಯ್ನಾಡಿನ ಅಮ್ಹಾರಿಕ್ ಭಾಷೆಯಲ್ಲಿ ‘ಲೆಮ್ನ್’ ಎಂದರೆ ‘ಏಕೆ’. ಆ ಲಿಪಿಯಲ್ಲೂ ನಮ್ಮ ಕಾಗುಣಿತದ ಹಾಗೆ ಪ್ರತಿ ವ್ಯಂಜನವೂ ಸ್ವರಕ್ಕೆ ತಕ್ಕಂತೆ ರೂಪ ಬದಲಿಸುತ್ತದೆ; ಒಂದೊಂದಕ್ಕೂ 7 ರೂಪ. ಅವನ ಹೆಸರಿಗೆ ಮೂರೇ ಅಕ್ಷರ. ಆ ಮೂರು ಅಕ್ಷರವನ್ನು ಅವನು ಮತ್ತೆ ತನ್ನದಾಗಿಸಿಕೊಂಡ.

ಆಮೇಲೆ ಹುಡುಕಾಟ. 21ನೇ ವಯಸ್ಸಿನಲ್ಲಿ ಪಶ್ಚಿಮ ಆಫ್ರಿಕಾದ ಗ್ಯಾಂಬಿಯಾದಲ್ಲಿ ತಾಯಿಯನ್ನು ಕಂಡ. ಆಕೆ ಅಲ್ಲಿ ವಿಶ್ವಸಂಸ್ಥೆಯ ಕೆಲಸದಲ್ಲಿದ್ದಳು. ತಂದೆ ಇಥಿಯೋಪಿಯಾದ ವಿಮಾನ ಚಾಲಕ. ಬಹಳ ಹಿಂದೆಯೇ ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದರು. ತನ್ನ ಬಾಲ್ಯದ ಪೂರ್ತಿ ಕಡತ ಕೈಸೇರಲು ಮಾತ್ರ ಅವನು 2015ರವರೆಗೆ ಕಾಯಬೇಕಾಯಿತು. ಅಷ್ಟು ಹೊತ್ತಿಗೆ ಲೆಮ್ನ್ ಹೆಸರಾಂತ ಕವಿಯಾಗಿದ್ದರು. ಅದೇ ವರ್ಷ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಕುಲಾಧಿಪತಿಯೂ ಆದರು. 2019ರಲ್ಲಿ ಬಂದ ಅವರ ಆತ್ಮಕಥೆಯ ಹೆಸರು ‘ಮೈ ನೇಮ್ ಈಸ್ ವೈ’, ಅಂದರೆ ‘ನನ್ನ ಹೆಸರು ಏಕೆ’.

ಈ ಕಥೆಯಲ್ಲಿ ನನ್ನನ್ನು ಬಹಳ ಕಾಡುವುದು ಆ ತಾಯಿಯ ಪತ್ರ. ಹುಡುಗ ತಾನು ಯಾರೆಂದು ತಿಳಿಯದೆ ಒದ್ದಾಡುತ್ತಿದ್ದಾಗ, ಉತ್ತರ ಯಾವುದೋ ಕಪಾಟಿನಲ್ಲಿ ತಣ್ಣಗೆ ಮಲಗಿತ್ತಲ್ಲ!

ಅಜ್ಜ-ಅಜ್ಜಿಯರಲ್ಲಿ ನನ್ನದೊಂದು ಮಾತು. ನಿಮ್ಮ ಮನೆಗೆ ದತ್ತು ಬಂದ ಮೊಮ್ಮಗುವಿದ್ದರೆ, ಅದು ಬಂದ ಕಥೆಯನ್ನು ಚಿಕ್ಕಂದಿನಲ್ಲೇ, ಮಡಿಲಲ್ಲಿ ಕೂರಿಸಿಕೊಂಡು ಹೇಳಿ. ನಿಜ ಹೇಳಿದರೆ ಪ್ರೀತಿ ಕಡಿಮೆಯಾಗದು. ಬಚ್ಚಿಟ್ಟದ್ದು ಬೇರೆಯವರ ಬಾಯಿಂದ ಕೇಳಿದಾಗಲೇ ಮಗುವಿನ ಮನಸ್ಸು ಮುರಿಯುವುದು.

ಮಕ್ಕಳೇ, ನಿಮ್ಮ ತರಗತಿಯಲ್ಲಿ ವಂಶವೃಕ್ಷ ಬರೆಯಲು ಹೇಳಿದಾಗ ಯಾರಾದರೂ ಖಾಲಿ ಹಾಳೆ ಹಿಡಿದು ಸುಮ್ಮನೆ ಕೂತರೆ ನಗಬೇಡಿ. ಮರಕ್ಕೆ ಬೇರು ಬೇಕು, ನೀರೆರೆದವರೂ ಬೇಕು. ಇಬ್ಬರ ಹೆಸರನ್ನೂ ಬರೆಯಬಹುದು ಎಂದು ಆ ಗೆಳೆಯನಿಗೆ ಹೇಳಿ.