ಕಸದ ಗಾಡಿಯ ಹಿಂದೆ ನಿಂತು



ಡಾಕ್ಟರ ಮಗ ಅಪ್ಪನ ಕಾರಿನಲ್ಲಿ ಕೂತು ಆಸ್ಪತ್ರೆಗೆ ಹೋದರೆ ಊರೇ ಮೆಚ್ಚುತ್ತದೆ. 'ಅಪ್ಪನ ಥರಾನೇ ಆಗ್ತಾನೆ' ಅಂತಾರೆ. ಹೋದ ತಿಂಗಳು ನಾನೂ ಒಂದು ದಿನ ಅಪ್ಪನ ಜೊತೆ ಕೆಲಸಕ್ಕೆ ಹೋದೆ. ನನ್ನಪ್ಪ ಕಸದ ಆಟೋದಲ್ಲಿ ಲೋಡರ್. ನನಗೂ ಅದೇ ಮಾತು ಸಿಕ್ಕಿತು. ಅದು ಎದೆಯಲ್ಲಿ ಇನ್ನೂ ಚುಚ್ಚುತ್ತಿದೆ.

ಬೆಳಗ್ಗೆ ಐದೂವರೆ. 'ಬ್ಯಾಡ ಕಣ್ಲಾ ಮಗ, ನೀನ್ಯಾಕ್ ಬತ್ತೀಯ' ಅಂದ ಅಪ್ಪ. ಜೊತೆಯವನಿಗೆ ಜ್ವರ, ಒಬ್ಬನೇ ಎತ್ತಲಾರ ಅಂತ ಹಟ ಮಾಡಿ ಹತ್ತಿದೆ. ಗಾಡಿ ಮುಂದೆ ಹಾಡು, ಹಿಂದೆ ನಾವು. ಹಸಿ ಕಸ, ಒಣ ಕಸ ಬೇರೆ ಮಾಡಿ, ಪ್ಯಾಡು ಡಯಾಪರು ಸುತ್ತಿ ಕೊಡಬೇಕೆಂದು 2016ರ ಘನತ್ಯಾಜ್ಯ ನಿಯಮಗಳು ಹೇಳಿದವು. ಹಾಗೆ ಕೊಟ್ಟವರು ಎಷ್ಟು ಮಂದಿ? ಅನ್ನ, ಬ್ಲೇಡು, ಒಡೆದ ಬಲ್ಬು, ಮಗುವಿನ ಹೇಲು ಎಲ್ಲ ಒಂದೇ ಚೀಲದಲ್ಲಿ. ಅಪ್ಪ ಅದನ್ನು ಬರಿಗೈಯಲ್ಲಿ ಬಿಡಿಸುತ್ತಾನೆ. ಗ್ಲೌಸು ಎಲ್ಲಿ ಅಂದರೆ 'ಹೋದ್ ವರ್ಷ ಕೊಟ್ಟಿದ್ರು, ಹರಿದೋಯ್ತು' ಅನ್ನುತ್ತಾನೆ.

ಒಂದು ಬಾಗಿಲಲ್ಲಿ ನನ್ನ ಕಾಲೇಜಿನ ಮೇಷ್ಟ್ರು ನಿಂತಿದ್ದರು. ಕಾಯಕದ ಹಿರಿಮೆಯನ್ನು ಕಣ್ಣಲ್ಲಿ ನೀರು ಬರುವಂತೆ ಪಾಠ ಮಾಡಿದವರು. ಬಕೆಟ್ಟನ್ನು ನೆಲಕ್ಕಿಟ್ಟು ಎರಡು ಹೆಜ್ಜೆ ಹಿಂದೆ ಸರಿದರು. ನನ್ನ ಗುರುತು ಹಿಡಿಯಲಿಲ್ಲ. ಸುಳ್ಳು ಯಾಕೆ ಹೇಳಲಿ, ಹಿಡಿಯದಿರಲಿ ಅಂತ ನಾನೂ ತಲೆ ತಗ್ಗಿಸಿದ್ದೆ. ಕಾಲೇಜಿನ ಅರ್ಜಿಯಲ್ಲಿ ತಂದೆಯ ಉದ್ಯೋಗ 'ಕೂಲಿ' ಎಂದಷ್ಟೇ ಬರೆದವನು ನಾನು. ಆ ನಾಚಿಕೆ ಯಾರದಾಗಬೇಕಿತ್ತು? ಕಸ ಮಾಡಿದವರದೋ, ಎತ್ತಿದವನದೋ?

ಗಾಡಿ ನಿಂತಾಗ ಗುತ್ತಿಗೆದಾರನ ಕಡೆಯವನು ಬಂದ. 'ಬಿ.ಎ. ಮಾಡಿ ಮನೇಲಿದೀಯಂತೆ. ನಿಮ್ಮಪ್ಪಂಗೂ ವಯಸ್ಸಾಯ್ತು. ನಾಳೆಯಿಂದ ನೀನೇ ಬಾ, ಅಪ್ಪನ ಥರಾನೇ ಆಗ್ತೀಯ' ಅಂದ. ಒಳ್ಳೆ ಮನಸ್ಸಿನಿಂದಲೇ ಅಂದ. ಎಂದೂ ಅವನ ಮುಂದೆ ದನಿ ಎತ್ತದ ಅಪ್ಪ 'ಇಲ್ಲ ಸ್ವಾಮಿ, ಅವ್ನು ಬರಾಕಿಲ್ಲ' ಅಂದುಬಿಟ್ಟ.

ಜಾತಿ ಹಂಚುವುದು ಕೆಲಸವನ್ನಷ್ಟೇ ಅಲ್ಲ, ಕೆಲಸಗಾರರನ್ನೂ ಎಂದು ಬಾಬಾಸಾಹೇಬರು 1936ರಲ್ಲೇ ತೋರಿಸಿಕೊಟ್ಟರು. ಅದನ್ನು ನಾನು ಓದಿದ್ದೆ. ಆವತ್ತು ಕಂಡೆ. ಡಾಕ್ಟರ ಮಗನಿಗೆ ಅಪ್ಪನ ದಾರಿ ಹತ್ತರಲ್ಲಿ ಒಂದು. ನಮಗೆ ಒಂಬತ್ತು ಮುಚ್ಚಿ ಒಂದನ್ನು ತೋರಿಸುತ್ತಾರೆ. ನಾನು ಹೋಗದಿದ್ದರೆ ಆ ಜಾಗಕ್ಕೆ ನಮ್ಮ ಕೇರಿಯ ಇನ್ನೊಬ್ಬ ಹುಡುಗ ಬರುತ್ತಾನೆ. ಮೇಷ್ಟ್ರ ಬೀದಿಯಿಂದ ಯಾರೂ ಬರುವುದಿಲ್ಲ. ಆದ್ದರಿಂದ ನಾನೊಬ್ಬ ತಪ್ಪಿಸಿಕೊಂಡರೆ ಅದು ಬಿಡುಗಡೆಯಲ್ಲ.

500 ಜನಕ್ಕೊಬ್ಬ ಪೌರಕಾರ್ಮಿಕ ಬೇಕು ಎಂದು ಐ.ಪಿ.ಡಿ. ಸಾಲಪ್ಪನವರ ಸಮಿತಿ 1976ರಲ್ಲೇ ಹೇಳಿತು. 2022ರ ಜುಲೈನಲ್ಲಿ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟು ಮುಷ್ಕರ ಹೂಡಿದ ಮೇಲೆ ಖಾಯಂ ಮಾಡುವ ಮಾತು ಸರ್ಕಾರದ ಬಾಯಿಂದ ಬಂತು. ನನ್ನಪ್ಪ ಇನ್ನೂ ಗುತ್ತಿಗೆಯಲ್ಲೇ ಇದ್ದಾನೆ. ಸೆಪ್ಟೆಂಬರ್ 23ರ ಪೌರಕಾರ್ಮಿಕರ ದಿನಾಚರಣೆಯ ಶಾಲು ನಮಗೆ ಬೇಡ. ಗಾಡಿಯವರನ್ನೂ ಖಾಯಂ ಮಾಡಿ. ಕೈಗೆ ಗ್ಲೌಸು, ಜ್ವರ ಬಂದರೆ ಸಂಬಳದ ರಜೆ ಕೊಡಿ. ಮನೆಯವರೇ, ನಿಮ್ಮ ಕಸ ನೀವೇ ಬೇರೆ ಮಾಡಿ.

ಕವಿಮಿತ್ರರಿಗೂ ಒಂದು ಮಾತು. ಬೆಂಕಿ, ಸೂರ್ಯ ಅಂತ ನಾವು ಬಹಳ ಬರೆದೆವು. ಭಾನುವಾರದ ಸಭೆಯಲ್ಲಿ ಅದನ್ನು ಓದುವಾಗ ನನ್ನಪ್ಪ ಕೇಳಲು ಬಂದಿರುವುದಿಲ್ಲ. ಭಾನುವಾರವೂ ಊರಿಗೆ ಕಸ ಇರುತ್ತದೆ. ಮುಂದಿನ ಸಭೆಯನ್ನು ಗಾಡಿ ನಿಲ್ಲುವ ಜಾಗದಲ್ಲೇ, ಕೆಲಸ ಮುಗಿಯುವ ಹೊತ್ತಿಗೆ ಸೇರಿಸೋಣ. ಮೊದಲು ಅವರು ಮಾತಾಡಲಿ, ಆಮೇಲೆ ನಮ್ಮ ಪದ್ಯ.

ಜೈ ಭೀಮ್.