ಕ್ಯಾರವಾನಿನ ಟ್ಯಾಂಕಿಯೂ ಎಂಗಳ ಎರಡ್ನೇ ಬೋರೂ

ಆಸ್ಟ್ರೇಲಿಯಂದ ಬಂದು ತಿಂಗಳಾತು. ಮನಗೆ ಬಂದವೆಲ್ಲ ಕೇಳುದು ಒಂದೇ: "ಅಕ್ಕಾ, ಸಿಡ್ನಿ ನೋಡಿದಿರೋ?" ನೋಡಿದ್ದಿಲ್ಲೆ. ಎಂಗೊ ನೋಡಿದ್ದು ನಲ್ಲಾರ್ಬೋರ್. ಅಲ್ಲೆಂತ ಇದ್ದು ಕೇಳಿರೆ, ಎಂತದೂ ಇಲ್ಲೆ. ಲ್ಯಾಟಿನ್ ಭಾಷೆಲಿ ಆ ಹೆಸರಿನ ಅರ್ಥವೇ 'ಮರ ಇಲ್ಲದ್ದು' ಹೇಳಿ ಅಡ. ಎಂತ ಇಲ್ಲದ್ದ ಜಾಗೆಗೆ ಅಷ್ಟು ಪೈಸೆ ಹಾಕಿ ಹೋಪದೋ ಹೇಳಿ ನೆಗೆ ಮಾಡ್ತವು. ಮಾಡಲಿ. ಆ ಒಂದು ದಿನ ನೋಡದ್ದೆ ಇದ್ದಿದ್ದರೆ, ಎಂಗಳ ಮನೆಲಿ ಈಗ ನಡೆತ್ತಾ ಇಪ್ಪ ಚರ್ಚೆಲಿ ಎನಗೆ ಬಾಯಿಯೇ ಬತ್ತಿತ್ತಿಲ್ಲೆ.

ಮಗ° ಪರ್ತಿಲಿ ಕೆಲಸಲ್ಲಿಪ್ಪದು. ಕಾರಿನ ಹಿಂದಂಗೆ ಕ್ಯಾರವಾನ್ ಸಿಕ್ಕುಸಿಗೊಂಡು ಅಡಿಲೇಡಿಂಗೆ ಹೋಪ° ಹೇಳಿದ°. ಗ್ಯಾಸಿನ ಒಲೆ, ಸಣ್ಣ ಫ್ರಿಜ್ಜು, ಮಂಚ ಎಲ್ಲ ಇದ್ದು ಅದರಲ್ಲಿ. (ಚಕ್ರ ಇದ್ದರೂ ಒಲೆಯ ಬುಡಲ್ಲಿ ನಿಂಬದು ಆನೇ. ಅದರ ಇನ್ನೊಂದರಿ ಬರೆತ್ತೆ.)

ನಾರ್ಸ್‌ಮನ್ ಹೇಳ್ತ ಪೇಟೆಂದ ಉದಿಯಪ್ಪಗ ಹೆರಟೆಯೊ°. ಸರೀ ಬೆಣಚ್ಚು ಆದ ಮತ್ತೆಯೇ ಹೆರಡುದು, ಹೊತ್ತು ಕಂತುವ ಮದಲೇ ನಿಲ್ಸುದು. ಇಲ್ಲದ್ದರೆ ಕಾಂಗರೂಗೊ ಮಾರ್ಗಕ್ಕೆ ಹಾರ್ತವು. ಅಲ್ಲಿಂದ ಸೆಡೂನದ ವರೆಗೆ ಸುಮಾರು 1,200 ಕಿಲೋಮೀಟರ್. ನಡುಗೆ ಪೇಟೆ ಹೇಳ್ತದು ಇಲ್ಲೆ, ಅಲ್ಲಲ್ಲಿ ಪೆಟ್ರೋಲು ಹಾಕುವ ರೋಡ್‌ಹೌಸು ಮಾಂತ್ರ. ಮಾರ್ಗಕ್ಕೆ ಪೂರಾ ಡಾಮರು ಬಿದ್ದದು 1976ರಲ್ಲಿ. ಬಲಡೋನಿಯಾ ಕಳುದ ಮತ್ತೆ 146.6 ಕಿಲೋಮೀಟರ್ ಒಂದೇ ಒಂದು ತಿರ್ಗಾಸು ಇಲ್ಲೆ! ಸುಳ್ಯಂದ ಮಡಿಕೇರಿಗೆ ಹೋಪಗ ಎರಡು ಸರ್ತಿ ಕಾರುವ ಎನಗೆ ಅಲ್ಲಿ ಒರಕ್ಕು ಬಂತು. ಒಂದಿಕ್ಕೆ ಮಾರ್ಗದ ಮೇಲೆ ಬೆಳಿ ಪಟ್ಟೆ ಎಳದಿತ್ತವು. ಫ್ಲೈಯಿಂಗ್ ಡಾಕ್ಟರಿನ ವಿಮಾನ ಇಳಿವಲೆ ಅಡ. ಇವು ಶುಗರಿನ ಮಾತ್ರೆ ಕಿಸೆಲಿ ಇದ್ದೋ ಹೇಳಿ ಮುಟ್ಟಿ ನೋಡಿಗೊಂಡವು.

ಇನ್ನು ನೀರಿನ ಶುದ್ದಿ. ಕ್ಯಾರವಾನಿನ ಎರಡು ಟ್ಯಾಂಕಿ ಸೇರಿ 160 ಲೀಟರ್. ಎಷ್ಟು ಒಳುದ್ದು ಹೇಳಿ ತೋರ್ಸಲೆ ಗೋಡೆಲಿ ನಾಕು ಸಣ್ಣ ಲೈಟು. ಹಣ್ಣು ತರಕಾರಿ ಸೆಡೂನದ ಚೆಕ್‌ಪೋಸ್ಟಿಂದ ಆಚಿಗೆ ಕೊಂಡೋಪಲೆ ಬಿಡವು, ಹಾಂಗಾಗಿ ಮಧ್ಯಾಹ್ನಕ್ಕೆ ಇದ್ದ ಬೀನ್ಸಿನ ಪೂರಾ ತಾಳು ಮಾಡಿದೆ. ಉಂಡಿಕ್ಕಿ, ಮನೆಯ ಅಭ್ಯಾಸಲ್ಲಿ ನಳ್ಳಿ ಬಿಟ್ಟು ಪಾತ್ರ ತೊಳವಲೆ ಸುರು ಮಾಡಿದೆ. ಒಂದು ಲೈಟು ನಂದಿತ್ತು. ಮಗ° ಜೋರು ಮಾಡಿದ್ದ° ಇಲ್ಲೆ. "ಅಮ್ಮಾ, ಅದು ನಾಳಂಗೆ ಕುಡಿವ ನೀರು" ಹೇಳಿದ°, ಅಷ್ಟೆ. ಎನ್ನ ಕೆಮಿ ಬೆಶಿ ಆತು. ಮತ್ತೆ ಪಾತ್ರಂಗಳ ಕಾಗದಲ್ಲಿ ಉದ್ದಿ, ಅಕ್ಕಿ ತೊಳದ ನೀರಿಲಿ ತಿಕ್ಕಿ, ಅಕೇರಿಗೆ ಒಂದು ಚೆಂಬು ನೀರಿಲಿ ತೊಳದೆ. ನಾಕು ಜೆನರ ಪಾತ್ರ!

ರೋಡ್‌ಹೌಸಿಲಿ ತುಂಬ್ಸುವ° ಹೇಳಿರೆ, 'ನೀರು ಕೇಳೆಡಿ' ಹೇಳಿ ಬೋರ್ಡು ಹಾಕಿಗೊಂಡಿತ್ತವು. ಪೆಟ್ರೋಲು ಕೊಡುಗು, ನೀರು ಕೊಡವು.

ಆ ಊರಿಲಿ ನೀರೇ ಇಲ್ಲೆಯೋ? ಇದ್ದು! ಎಂಗೊ ಇರುಳು ನಿಂದದು ಕಾಕಲ್‌ಬಿಡ್ಡಿಲಿ. ಅದರ ಹತ್ತರೆ ಒಂದು ಗುಹೆ ಇದ್ದಡ, ಭೂಮಿಯ ಅಡಿಲಿ 6 ಕಿಲೋಮೀಟರಿಂದಲೂ ಉದ್ದಕೆ ನೀರು ತುಂಬಿದ್ದು. ಆದರೆ ಉಪ್ಪು ನೀರು. ಸುಣ್ಣಕಲ್ಲಿನ ನೆಲ, ಬಂದ ರಜ್ಜ ಮಳೆಯೂ ಒಟ್ಟೆಗಳಲ್ಲಿ ಇಳುದು ಹೋವುತ್ತು, ಮೇಲೆ ಒಂದು ತೋಡು ಸಾನ ಇಲ್ಲೆ. 1841ರಲ್ಲಿ ಎಡ್ವರ್ಡ್ ಜಾನ್ ಐರ್ ಹೇಳುವವ° ಈ ಕರಾವಳಿಲೇ ಹೋದ್ದು, ಅಕೇರಿ ವರೆಗೆ ಒಟ್ಟಿಂಗೆ ಇದ್ದದು ವೈಲಿ ಹೇಳ್ತ ಮೂಲನಿವಾಸಿ ಮಾಣಿ. ನೀರು ಮುಗುದಪ್ಪಗ ಗೆಡುಗಳ ಮೇಗಾಣ ಮಂಜಿನ ಹನಿಯ ಸ್ಪಂಜಿಲಿ ಉದ್ದಿ ಹಿಂಡಿ ಕುಡುದ್ದಡ. ಅಲ್ಯಾಣ ಜೆನಂಗೊ ಹೊಯಿಗೆಲಿ ತೋಡಿದ ಗುಂಡಿಯ ನೀರೇ ಅವರ ಒಳುಶಿದ್ದು.

ಆ ಇರುಳು ಎನಗೆ ಒರಕ್ಕು ಬಯಿಂದಿಲ್ಲೆ. ಕಣ್ಣು ಮುಚ್ಚಿರೆ ಎಂಗಳ ಸುರಂಗವೇ ಕಾಂಬದು. ಕಾಸರಗೋಡಿನ ಹೊಡೆಯವಕ್ಕೆ ವಿವರ್ಸೆಕ್ಕು ಹೇಳಿ ಇಲ್ಲೆ: ಗುಡ್ಡೆಯ ಮುರಕಲ್ಲಿಂಗೆ ಅಡ್ಡಕೆ ಕೊರದ್ದು, ಪಂಪು ಬೇಡ, ಕರೆಂಟು ಬೇಡ. ಆನು ಮದುವೆ ಆಗಿ ಬಪ್ಪಗ ಅಡಕ್ಕೆ ಮರದ ದಂಬೆಲಿ ಇರುಳು ಹಗಲು ನೀರು ಬಿದ್ದೊಂಡಿತ್ತು. ನಿಲ್ಸೆಕ್ಕು ಹೇಳ್ತ ಆಲೋಚನೆಯೇ ಆರಿಂಗೂ ಇಲ್ಲೆ. ಬೋರು ತೆಗದ ನಾಕು ವರ್ಷಲ್ಲಿ ಆ ನೀರು ಮಾರ್ಚಿಂಗೇ ನಿಂಬಲೆ ಸುರುವಾತು. ಈಗ ಬೋರಿಲಿಯೂ ಕಮ್ಮಿ. ಹಾಂಗೆ ಎರಡ್ನೇ ಬೋರು ತೆಗೆಶುದು ಹೇಳಿ ಇವರ ಅಂದಾಜಿ.

ಇವು ಹೇಳುದು ಪೂರಾ ತಪ್ಪು ಹೇಳಿ ಆನು ಹೇಳೆ. ತೋಟ ಒಣಗಿರೆ ತಿಂಬದೆಂತರ? ಅಂದರೂ ಎನ್ನ ಅಭಿಪ್ರಾಯ, ಎರಡ್ನೇ ಬೋರು ಬೇಡ. ಮದಲಾಣದ್ದು ಸುರಂಗದ ನೀರಿನ ಎಳದತ್ತು, ಇದು ಮದಲಾಣ ಬೋರಿನ ಎಳಗು. ಮತ್ತೆ ಮೂರ್ನೇದೋ? ಅದೇ ಪೈಸೆಲಿ ಸುರಂಗದ ಮಣ್ಣು ತೆಗೆಶಿ, ಗುಡ್ಡೆಲಿ ಇಂಗುಗುಂಡಿ ಮಾಡ್ಸಿ, ತೋಟಕ್ಕೆ ಸ್ಪ್ರಿಂಕ್ಲರ್ ಬಿಟ್ಟು ಡ್ರಿಪ್ಪು ಹಾಕುಸುವ°. ಒಂದು ವರ್ಷ ಫಸಲು ಕಮ್ಮಿ ಅಕ್ಕು. ಆಗಲಿ.

ಇವಕ್ಕೆ ಹೇಳುವ ಮದಲು ಎನ್ನ ಅಡಿಗೆ ಒಳದ್ದೂ ಅಳದು ನೋಡಿದೆ. ಒಂದು ದಿನಕ್ಕೆ 23 ಕೊಡಪಾನ! ಕ್ಯಾರವಾನಿನ ಎರಡು ಟ್ಯಾಂಕಿಂದಲೂ ಜಾಸ್ತಿ. ಈಗ 14ಕ್ಕೆ ಇಳುದ್ದು.

"ಒಂದು ದಿನ ಕ್ಯಾರವಾನಿಲಿ ಕೂದಿಕ್ಕಿ ಬಂದು ಎನಗೆ ತೋಟದ ಲೆಕ್ಕ ಹೇಳೆಡ ನೀನು" ಹೇಳಿದವು ಇವು. ಬೋರಿನವ° ಎರಡು ಸರ್ತಿ ಫೋನು ಮಾಡಿದ°. ಮುಂದಾಣ ವಾರ ಹೇಳ್ತೆ ಹೇಳಿ ಮಡುಗಿದವು. ನಿನ್ನೆ ಹೊತ್ತೋಪಗ ಆರಿಂಗೂ ಹೇಳದ್ದೆ ಟಾರ್ಚು ಹಿಡ್ಕೊಂಡು ಗುಡ್ಡೆಗೆ ಹೋದವು. ಮೊಳಪ್ಪಿನ ವರೆಗೆ ಕೆಸರು ಮಾಡಿಗೊಂಡು ಬಂದು, ಜೆಗಿಲಿಲಿ ಕೂದು, "ಹತ್ತು ಕೋಲು ಒಳ ಮಣ್ಣು ಜೆರುದು ಬಿದ್ದಿದು" ಹೇಳಿದವು. ಆನು ಕಾಲು ತೊಳವಲೆ ಒಂದು ಚೆಂಬು ನೀರು ಕೊಟ್ಟೆ.