ಯಂತ್ರ ಬಂತು, ಮೇಷ್ಟ್ರು ಎಲ್ಲಿ?

ಹಗಲು ನೌಕರಿ, ರಾತ್ರಿ ಓದು. ರಾಯಚೂರು ಜಿಲ್ಲೆಗೆ ಇದೇನೂ ಹೊಸದಲ್ಲ. ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲಿ ಅಂಚೆ ಮತ್ತು ತೆರಪಿನ ಶಿಕ್ಷಣ ಶುರು ಮಾಡಿತು. ಅಂದಿನಿಂದ ಎಷ್ಟೋ ಮಂದಿ ಗುಮಾಸ್ತರು, ಕಂಡಕ್ಟರುಗಳು, ಪ್ರಾಥಮಿಕ ಶಾಲೆ ಮೇಷ್ಟ್ರುಗಳು ಪೋಸ್ಟ್‌ಮನ್ ತಂದುಕೊಟ್ಟ ಪಾಠ ಓದಿ ಬಿ.ಎ. ಮಾಡಿಕೊಂಡರು, ಎಂ.ಎ. ಮಾಡಿಕೊಂಡರು. ಯಾರೂ ನಗಲಿಲ್ಲ.

ಈಗ ಹೊಸದೊಂದು ಓದು ಬಂದಿದೆ. ಡಿಜಿಟಲ್ ಕಲಿಕೆ ಮತ್ತು ತರಬೇತಿ. ಅಂದರೆ ಫೋನು, ಕಂಪ್ಯೂಟರು, ಪರದೆ ಇವುಗಳ ಮೂಲಕ ಇನ್ನೊಬ್ಬರಿಗೆ ಕಲಿಸುವುದು ಹೇಗೆ ಎಂಬುದರ ಸ್ನಾತಕೋತ್ತರ ಓದು. ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾನಿಲಯ, ಅದೇ ಇಗ್ನೋ, ಇ-ಕಲಿಕೆಯಲ್ಲಿ ಸ್ನಾತಕೋತ್ತರ ಡಿಪ್ಲೊಮಾ ತೆಗೆದಿದೆ. ದೂರಶಿಕ್ಷಣದ ವಿಷಯದಲ್ಲೇ ಎಂ.ಎ. ಕೂಡ ತೆಗೆದಿದೆ. ಮಾತು ಕಿವಿಗೆ ಬಿದ್ದ ಕೂಡಲೇ ಚಹಾದಂಗಡಿ ಬೆಂಚಿನ ಮೇಲೆ ಕೂತವರು ನಗುತ್ತಾರೆ. "ಮೊಬೈಲ್ ನೋಡಾಕೂ ಎಂ.ಎ. ಬೇಕೇನ್ರಿ?"

ನಗುವವರು ನಗಲಿ. ನೋಡುವುದಕ್ಕೆ ಎಂ.ಎ. ಬೇಡ. ತೋರಿಸಿ ಕಲಿಸುವುದಕ್ಕೆ ಬೇಕು. ಈ ಎರಡರ ನಡುವಿನ ಅಂತರ ತಿಳಿಯದೇ ಹೋದದ್ದರಿಂದಲೇ ಈ ನಾಡಿನಲ್ಲಿ ಮತ್ತೆ ಮತ್ತೆ ಯಂತ್ರ ಬಂದಿದೆ, ಪಾಠ ಬಂದಿಲ್ಲ.

ಜಿಲ್ಲೆ ಕಂಡ ಮೊದಲ ಪರದೆ

ಪರದೆಯ ಪಾಠ ರಾಯಚೂರಿಗೆ ಬಂದು ಅರ್ಧ ಶತಮಾನವೇ ಆಯಿತು. 1975ರ ಆಗಸ್ಟ್ 1ರಂದು ಅಮೆರಿಕೆಯ ಎಟಿಎಸ್-6 ಎಂಬ ಉಪಗ್ರಹವನ್ನು ಎರವಲು ಪಡೆದು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ಪಾಠ ಶುರು ಮಾಡಿದರು. 'ಸೈಟ್' ಎಂದು ಅದಕ್ಕೆ ಹೆಸರು. ಕರ್ನಾಟಕದಲ್ಲಿ ಆರಿಸಿದ್ದು ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳನ್ನು. ಬೆಂಗಳೂರಿನ ಮನೆಗಳಿಗೂ ಟಿ.ವಿ. ಇಲ್ಲದಿದ್ದ ಕಾಲ ಅದು. ಬೆಳಗ್ಗೆ ಒಂದೂವರೆ ತಾಸು ಶಾಲೆ ಮಕ್ಕಳಿಗೆ, ಸಂಜೆ ಎರಡೂವರೆ ತಾಸು ದೊಡ್ಡವರಿಗೆ. ಬೇಸಾಯ, ಆರೋಗ್ಯ, ವಿಜ್ಞಾನದ ಪಾಠ ಕನ್ನಡದಲ್ಲೂ ಬರುತ್ತಿತ್ತು.

ಅದರಲ್ಲಿ ಒಂದು ಮಾತು ನೆನಪಿಡತಕ್ಕದ್ದು. ಆ ವರ್ಷ ಮಕ್ಕಳಿಗಷ್ಟೇ ಪಾಠ ಹೇಳಲಿಲ್ಲ. ಸಾವಿರಾರು ಪ್ರಾಥಮಿಕ ಶಾಲಾ ಶಿಕ್ಷಕರಿಗೂ ವಿಜ್ಞಾನ ಕಲಿಸುವ ತರಬೇತಿಯನ್ನು ಅದೇ ಟಿ.ವಿ. ಮೂಲಕ ಕೊಟ್ಟರು. ಯಂತ್ರದ ಜತೆ ಮೇಷ್ಟ್ರೂ ತಯಾರಾಗಬೇಕು ಎಂಬ ಬುದ್ಧಿ ಅಂದಿನವರಿಗೆ ಇತ್ತು. ಆದರೆ ಉಪಗ್ರಹ ಎರವಲಿನದು. 1976ರ ಜುಲೈ 31ಕ್ಕೆ ಗಡುವು ಮುಗಿಯಿತು, ಉಪಗ್ರಹದ ಪಾಠವೂ ನಿಂತಿತು.

ಆಮೇಲೆ 2004ರಲ್ಲಿ ಭಾರತದ್ದೇ ಆದ ಎಜುಸ್ಯಾಟ್ ಉಪಗ್ರಹ ಹಾರಿತು. ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಅದರಿಂದ ಪಾಠ ಬಂತು. 2017ರಲ್ಲಿ ಸ್ವಯಂ, ದೀಕ್ಷಾ ಎಂಬ ಅಂತರ್ಜಾಲದ ಪಾಠಶಾಲೆಗಳು ಬಂದವು. 2020ರಲ್ಲಿ ಕೊರೋನಾ ಬಂದು ಶಾಲೆಗೆ ಬೀಗ ಬಿತ್ತು. ಫೋನಿನಲ್ಲೇ ಪಾಠ ಮಾಡಿ ಅಂದರು. ಕರಿಹಲಗೆಯ ಎದುರಿಗೆ ಫೋನು ನಿಲ್ಲಿಸಿ ಮುಕ್ಕಾಲು ತಾಸು ಮಾತಾಡಿದ್ದೇ ಆನ್‌ಲೈನ್ ಪಾಠ ಅನಿಸಿಕೊಂಡಿತು. ಪಾಪ, ಮೇಷ್ಟ್ರ ತಪ್ಪೇನು? ಅವರಿಗೆ ಯಾರು ಹೇಳಿಕೊಟ್ಟಿದ್ದರು? ಕೊನೆಗೆ ಆ ಆಗಸ್ಟಿನಲ್ಲಿ 'ವಿದ್ಯಾಗಮ' ಅಂತ ಮಾಡಿ ಮೇಷ್ಟ್ರುಗಳನ್ನೇ ಊರ ಗುಡಿಕಟ್ಟೆಗೆ, ಮರದಡಿಗೆ ಕಳಿಸಬೇಕಾಯಿತು. ಎಷ್ಟೋ ಮನೆಗಳಲ್ಲಿ ಫೋನೇ ಇರಲಿಲ್ಲ. ಫೋನು ಇದ್ದ ಮನೆಗೂ ಪಾಠ ಸರಿಯಾಗಿ ಮುಟ್ಟಲಿಲ್ಲ.

ಅಂಗಡಿಯವರಿಗೆ ಏನು ಸಂಬಂಧ?

ಇದು ಶಾಲೆಯ ಮಾತಾಯಿತು, ಅಂಗಡಿಯವರಿಗೆ ಏನಾಗಬೇಕು ಎಂದು ಕೇಳಬಹುದು. 2017ರ ಜುಲೈ 1 ನೆನಪಿಸಿಕೊಳ್ಳಲಿ. ಅಂದು ಜಿಎಸ್‌ಟಿ ಬಂತು. ರಿಟರ್ನ್ ಕಂಪ್ಯೂಟರಿನಲ್ಲೇ ತುಂಬಬೇಕು ಅಂದರು. ತುಂಬುವುದು ಹೇಗೆ ಎಂದು ಕಿರಾಣಿ ಅಂಗಡಿಯವನಿಗೆ ಅವನ ಭಾಷೆಯಲ್ಲಿ, ಅವನ ಬಿಡುವಿನಲ್ಲಿ, ಎರಡು ಸಲ ತಪ್ಪಿದರೂ ಬೈಯದೆ ಹೇಳಿಕೊಟ್ಟವರು ಎಷ್ಟು ಮಂದಿ? ಕೈಯಿಂದ ದುಡ್ಡು ಕೊಟ್ಟು ಬೇರೆಯವರ ಹತ್ತಿರ ತುಂಬಿಸಿಕೊಂಡವರೇ ಹೆಚ್ಚು. ಫೋನಿನಲ್ಲಿ ಹಣ ಪಡೆಯುವುದನ್ನು ಕಲಿತದ್ದು ಪಕ್ಕದಂಗಡಿ ಹುಡುಗನಿಂದ. ಮೋಸದ ಕರೆ ಬಂದಾಗ ಏನು ಮಾಡಬೇಕೆಂದು ಆ ಹುಡುಗನಿಗೂ ಗೊತ್ತಿಲ್ಲ.

ಹಟ್ಟಿಯ ಚಿನ್ನದ ಗಣಿಯಲ್ಲಿ ನೆಲದಡಿ ಇಳಿಯುವ ಕಾರ್ಮಿಕನಿಗೆ ಸುರಕ್ಷತೆಯ ಪಾಠ ಬೇಕು. ಶಕ್ತಿನಗರದ ವಿದ್ಯುತ್ ಸ್ಥಾವರದ ಕೆಲಸಗಾರನಿಗೆ ಬೇಕು. ಹಳ್ಳಿಯ ಆಶಾ ಕಾರ್ಯಕರ್ತೆಗೆ, ಸಾರಿಗೆ ನಿಗಮದ ಚಾಲಕನಿಗೆ, ಬ್ಯಾಂಕಿನ ಗುಮಾಸ್ತನಿಗೆ, ಹತ್ತಿ ಬೆಳೆಯುವ ರೈತನಿಗೆ ಬೇಕು. ಇವರಿಗೆಲ್ಲ ಈಗ ಪಾಠ ಬರುವುದು ಫೋನಿನ ಮೇಲೆಯೇ. ಆ ಪಾಠ ಐದು ನಿಮಿಷದ್ದಿರಬೇಕೋ ಐವತ್ತು ನಿಮಿಷದ್ದೋ? ಓದು ಬಾರದವನಿಗೆ ಹೇಗೆ? ಸಿಗ್ನಲ್ ಇಲ್ಲದ ಊರಿಗೆ ಹೇಗೆ? ಕಲಿತನೋ ಇಲ್ಲವೋ ಎಂದು ನೋಡುವುದು ಹೇಗೆ? ಈ ಪ್ರಶ್ನೆಗಳಿಗೆ ಉತ್ತರ ಹುಡುಕುವ ಓದೇ ಡಿಜಿಟಲ್ ಕಲಿಕೆ ಮತ್ತು ತರಬೇತಿ. ನಗುವ ವಿಷಯವೇ ಇದು?

ಹಾಗಾದರೆ ಅದನ್ನು ಓದಬೇಕಾದವರು ಯಾರು? ಈಗಾಗಲೇ ಕಲಿಸುವ ಕೆಲಸದಲ್ಲಿ ಇರುವವರು. ಶಾಲೆಯ ಶಿಕ್ಷಕಿ, ಆಸ್ಪತ್ರೆಯ ನರ್ಸು, ಗಣಿಯ ಮೇಸ್ತ್ರಿ. ಇವರು ನೌಕರಿ ಬಿಟ್ಟು ಬೆಂಗಳೂರಿಗೆ ಹೋಗಿ ಕೂತು ಓದಲಾರರು. ಸಂಸಾರ ಇದೆ, ಸಾಲ ಇದೆ. ಕೆಲಸದ ಜತೆಗೇ ಓದಬೇಕು. ಬೇರೆ ದಾರಿ ಇಲ್ಲ.

ಗಂಟೆಯ ಲೆಕ್ಕ

ಈ ಓದಿನ ಭಾರ ಎಷ್ಟು ಎಂಬುದನ್ನು ಅಂಗಡಿ ಲೆಕ್ಕದ ಹಾಗೆಯೇ ಹಾಕಿ ನೋಡಬಹುದು. ಇಗ್ನೋ ಲೆಕ್ಕದಲ್ಲಿ ಒಂದು ಕ್ರೆಡಿಟ್ ಎಂದರೆ 30 ತಾಸಿನ ಓದು. ಎಂ.ಎ.ಗೆ 64 ಕ್ರೆಡಿಟ್ ಎಂದು ಹಿಡಿದರೆ 1,920 ತಾಸು. ದಿನಕ್ಕೆ ಒಂದೂವರೆ ತಾಸು, ಒಂದು ದಿನವೂ ತಪ್ಪದೆ ಓದಿದರೆ 1,280 ದಿನ. ಮೂರೂವರೆ ವರ್ಷ! ಎರಡು ವರ್ಷದ ಕೋರ್ಸನ್ನು ನಾಲ್ಕು ವರ್ಷದೊಳಗೆ ಮುಗಿಸಲು ಇಗ್ನೋ ಅವಕಾಶ ಕೊಟ್ಟಿದೆ. ಅಂದರೆ ಮದುವೆ, ಮುಂಜಿ, ಜ್ವರ, ಜಾತ್ರೆ, ಚುನಾವಣೆ ಡ್ಯೂಟಿ, ಜನಗಣತಿ ಡ್ಯೂಟಿ ಎಲ್ಲಕ್ಕೂ ಸೇರಿ ಕೈಯಲ್ಲಿ ಉಳಿಯುವುದು ಆರು ತಿಂಗಳು.

ಆ ಒಂದೂವರೆ ತಾಸು ಎಲ್ಲಿಂದ ಬರಬೇಕು? ಗಂಡಸಾದರೆ ಬಸ್ಸಿನಲ್ಲಿ ಅರ್ಧ ತಾಸು, ಊಟ ಆದ ಮೇಲೆ ಒಂದು ತಾಸು ಕದಿಯಬಹುದು. ಹೆಂಗಸಾದರೆ ಬಸ್ಸಿಳಿದ ಮೇಲೆ ಒಲೆ, ಪಾತ್ರೆ, ಮಕ್ಕಳ ಹೋಂವರ್ಕ್ ಮುಗಿದು ಅಡುಗೆಮನೆ ದೀಪ ಆರಿದ ನಂತರವೇ ಅವಳ ಕಾಲೇಜು ತೆರೆಯುವುದು. ಅಷ್ಟರಲ್ಲಿ ಕರೆಂಟು ಹೋಯಿತೆಂದರೆ ಅಂದಿನ ಕಾಲೇಜಿಗೆ ರಜೆ. 1985ರಿಂದ ರಾಜ್ಯಕ್ಕೆಲ್ಲ ಬೆಳಕು ಕೊಟ್ಟ ಜಿಲ್ಲೆಯಲ್ಲಿ ಈ ಮಾತು ಹೇಳಬೇಕಾಗಿದೆ. ದೀಪದ ಬುಡದಲ್ಲಿ ಕತ್ತಲು ಎಂದು ದೊಡ್ಡವರು ಸುಮ್ಮನೆ ಅಂದರೆ?

ಇದರ ಮೇಲೆ ಇಂಗ್ಲಿಷಿನ ಗೋಡೆ. ಇ-ಕಲಿಕೆಯ ಪಾಠಗಳು ಇಂಗ್ಲಿಷಿನಲ್ಲೇ ಇವೆ. ಹಗಲೆಲ್ಲ ಕನ್ನಡದಲ್ಲಿ ಕಲಿಸುವವಳು ರಾತ್ರಿ ಇಂಗ್ಲಿಷಿನಲ್ಲಿ ಕಲಿತು, ಮರುದಿನ ಅದನ್ನು ಮತ್ತೆ ಕನ್ನಡಕ್ಕೆ ತರಬೇಕು. 1975ರಲ್ಲಿ ಉಪಗ್ರಹವೇ ಕನ್ನಡ ಮಾತಾಡಿತ್ತು. ಐವತ್ತು ವರ್ಷದ ನಂತರ ಒಂದು ಪಠ್ಯಪುಸ್ತಕ ಕನ್ನಡ ಮಾತಾಡಬಾರದೇ?

"ದೂರಶಿಕ್ಷಣದ್ದಾ?"

ಇಷ್ಟೆಲ್ಲ ಮಾಡಿ ಪದವಿ ತಂದರೆ ಕಚೇರಿಯಲ್ಲಿ ಸಾಹೇಬರು ಕನ್ನಡಕದ ಮೇಲಿಂದ ನೋಡಿ ಕೇಳುವ ಪ್ರಶ್ನೆ ಒಂದೇ. "ರೆಗ್ಯುಲರೋ, ದೂರಶಿಕ್ಷಣದ್ದೋ?" ಆ ಒಂದು ಮಾತಿನಲ್ಲಿ ಮೂರೂವರೆ ವರ್ಷದ ನಿದ್ದೆಗೆಟ್ಟ ರಾತ್ರಿಗಳು ಕಸದ ಬುಟ್ಟಿಗೆ ಹೋಗುತ್ತವೆ.

ನಿಯಮ ಏನು ಹೇಳುತ್ತದೆ? ಮಾನ್ಯತೆ ಇರುವ ಸಂಸ್ಥೆಯಿಂದ ದೂರಶಿಕ್ಷಣದಲ್ಲೋ ಆನ್‌ಲೈನಿನಲ್ಲೋ ಪಡೆದ ಪದವಿ ತರಗತಿಗೆ ಹೋಗಿ ಪಡೆದ ಪದವಿಗೆ ಸಮ ಎಂದು ಯುಜಿಸಿ 2022ರ ಸೆಪ್ಟೆಂಬರಿನಲ್ಲಿ ಸ್ಪಷ್ಟವಾಗಿ ಸಾರಿದೆ. ದೆಹಲಿಯ ದೇವರು ವರ ಕೊಟ್ಟಾಯಿತು, ಜಿಲ್ಲೆಯ ಪೂಜಾರಿ ಮಾತ್ರ ಇನ್ನೂ ಕೊಡುತ್ತಿಲ್ಲ.

ಆದರೆ ಸಾಹೇಬರ ಅನುಮಾನ ಪೂರಾ ಹುಸಿಯೂ ಅಲ್ಲ. 1996ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದ ಕತೆ ಜನ ಮರೆತಿಲ್ಲ. ರಾಜ್ಯದ ಗಡಿ ದಾಟಿ ಖಾಸಗಿ ಸಂಸ್ಥೆಗಳ ಮೂಲಕ ಕೋರ್ಸು ನಡೆಸಿದ್ದಕ್ಕೆ, 2012–13ರ ನಂತರ ಅದಕ್ಕೆ ಮಾನ್ಯತೆ ಇಲ್ಲವೆಂದು 2015ರಲ್ಲಿ ಯುಜಿಸಿ ಪ್ರಕಟಿಸಿತು. ಮಾನ್ಯತೆ ಮರಳಿ ಬಂದದ್ದು 2018ರಲ್ಲಿ. ನಡುವೆ ಸಿಕ್ಕಿಬಿದ್ದವರು ಯಾರು? ಫೀ ಕಟ್ಟಿ ರಾತ್ರಿ ಓದಿದ ಬಡ ನೌಕರರು. ಎತ್ತು ಏರಿಗೆ, ಕೋಣ ನೀರಿಗೆ ಎಳೆದಾಗ ಮುರಿದದ್ದು ಅವರ ಗಾಡಿಯ ಅಚ್ಚು.

ಆದ್ದರಿಂದ ಈ ಓದಿಗೆ ಹೊರಟವರು ಮೊದಲು ಒಂದು ಕೆಲಸ ಮಾಡಬೇಕು. ಬಸ್ ನಿಲ್ದಾಣದ ಗೋಡೆಗೆ ಅಂಟಿಸಿದ ಚೀಟಿ ನಂಬಿ ದುಡ್ಡು ಕಟ್ಟಬಾರದು. "ಆರು ತಿಂಗಳಲ್ಲಿ ಎಂ.ಎ." ಅನ್ನುವವನ ಮಾತಿಗೆ ಕಿವಿಗೊಡಬಾರದು. ಸಂಸ್ಥೆಗೆ, ಆ ಕೋರ್ಸಿಗೆ, ಆ ವರ್ಷಕ್ಕೆ ಮಾನ್ಯತೆ ಇದೆಯೇ ಎಂಬ ಮೂರೂ ಸಂಗತಿಯನ್ನು ಯುಜಿಸಿಯ ದೂರಶಿಕ್ಷಣ ವಿಭಾಗದ ಪಟ್ಟಿಯಲ್ಲಿ ನೋಡಬೇಕು. ವಿದ್ಯಾರ್ಥಿಗೆ ಆ ವಿಭಾಗದ ಗುರುತಿನ ಸಂಖ್ಯೆಯನ್ನೂ 2024ರಿಂದ ಕಡ್ಡಾಯ ಮಾಡಿದ್ದಾರೆ. ಬೆಂಡೆಕಾಯಿ ಕೊಳ್ಳುವಾಗ ತುದಿ ಮುರಿದು ನೋಡುವ ಜನ ಪದವಿ ಕೊಳ್ಳುವಾಗ ಕಣ್ಣು ಮುಚ್ಚಬಾರದು.

ಕೇಳುವುದು ದೊಡ್ಡದೇನಲ್ಲ

"ಇವರೆಲ್ಲ ಓದೋದು ಬಡ್ತಿಗಾಗಿ, ಊರಿಗೇನು ಲಾಭ?" ಎಂದು ಮೂಗು ಮುರಿಯುವವರೂ ಇದ್ದಾರೆ. ಬಡ್ತಿಗಾಗಿ ಓದಿದರೆ ತಪ್ಪೇನು? ದುಡಿಯುವವನು ಮೇಲೆ ಬರಬಾರದೇ? ಆದರೂ ಪ್ರಶ್ನೆಯಲ್ಲಿ ಒಂದು ನ್ಯಾಯ ಇದೆ. ಹಾಗಿದ್ದರೆ ಕಚೇರಿಗಳು ಒಂದು ಕರಾರು ಹಾಕಲಿ. ಪರೀಕ್ಷೆಗೆ ಸಂಬಳದ ರಜೆ ಕೊಡುತ್ತೇವೆ, ಅದಕ್ಕೆ ಬದಲಾಗಿ ಓದಿದವರು ಈ ಜಿಲ್ಲೆಗೆ ಬೇಕಾದ ಒಂದು ಪಾಠ ಕನ್ನಡದಲ್ಲಿ ಮಾಡಿಕೊಡಲಿ. ಗಣಿಯವನು ಗಣಿಗೆ, ನರ್ಸು ಬಾಣಂತಿಯರಿಗೆ, ಮೇಷ್ಟ್ರು ಐದನೇ ಇಯತ್ತೆ ಗಣಿತಕ್ಕೆ. ವರ್ಷಕ್ಕೆ ಇಪ್ಪತ್ತು ಮಂದಿ ಓದಿದರೆ ಇಪ್ಪತ್ತು ಪಾಠ. ಬೆಂಗಳೂರಿನಲ್ಲಿ ಕೂತು ಮಾಡಿದ ಪಾಠಕ್ಕಿಂತ ಅದು ಇಲ್ಲಿಯವರಿಗೆ ಹೆಚ್ಚು ತಾಗೀತು.

ಇನ್ನು ಸಂಬಂಧಪಟ್ಟವರು ಮಾಡಬೇಕಾದದ್ದು ಮೂರೇ ಕೆಲಸ. ಒಂದು, ಪರೀಕ್ಷಾ ಕೇಂದ್ರ ತಾಲ್ಲೂಕಿಗೊಂದು ಇರಲಿ. ಲಿಂಗಸುಗೂರಿನ ಶಿಕ್ಷಕಿ ಒಂದು ಪೇಪರಿಗಾಗಿ ಜಿಲ್ಲಾ ಕೇಂದ್ರಕ್ಕೆ ಬಂದು ಹೋಗುವುದರಲ್ಲೇ ಇಡೀ ದಿನ ಕಳೆಯಬಾರದು. ಎರಡು, ನಗರದ ಗ್ರಂಥಾಲಯದಲ್ಲಿ ಒಂದು ಕೋಣೆ ರಾತ್ರಿ ಹತ್ತರವರೆಗೆ ತೆರೆದಿರಲಿ, ಅಲ್ಲಿ ಬ್ಯಾಟರಿ ಬೆಳಕು ಇರಲಿ, ಹೆಣ್ಣುಮಕ್ಕಳು ಧೈರ್ಯವಾಗಿ ಬಂದು ಕೂರುವ ಹಾಗಿರಲಿ. ಮೂರು, ಶಿಕ್ಷಕರ ತರಬೇತಿ ಸಂಸ್ಥೆಯಾದ ಡಯಟ್‌ನಲ್ಲಿ, ಜಿಲ್ಲಾ ತರಬೇತಿ ಕೇಂದ್ರಗಳಲ್ಲಿ ಇದನ್ನು ಓದಿದವರನ್ನೇ ಈ ಕೆಲಸಕ್ಕೆ ಹಾಕಲಿ. ಓದಿದವರನ್ನು ಕಡತ ಹೊರಲು ಹಾಕಿ, ಕಡತ ಹೊರುವವರನ್ನು ಪಾಠ ಮಾಡಲು ಕಳಿಸುವ ಹಳೇ ಚಾಳಿ ಸಾಕು.

ಪಂಡಿತ ತಾರಾನಾಥರು ಹಮ್‌ದರ್ದ್ ಶಾಲೆ ಕಟ್ಟಿದ ಊರು ಇದು. ನಿಜಾಮರ ಕಾಲದಲ್ಲೇ ಜನರ ದುಡ್ಡಿನಲ್ಲಿ ಜನರ ಶಾಲೆ ಆಗುತ್ತದೆ ಎಂದು ತೋರಿಸಿದ ಊರು. ಈಗ ಕೃಷಿ ವಿಶ್ವವಿದ್ಯಾನಿಲಯ ಬಂದಿದೆ, ಐಐಐಟಿ ಬಂದಿದೆ. ದೊಡ್ಡ ದೊಡ್ಡ ಕಟ್ಟಡಗಳಿಗೆ ಬರವಿಲ್ಲ. ಆ ಕಟ್ಟಡಗಳಲ್ಲಿ ಒಂದರಲ್ಲಾದರೂ ಸಂಜೆ ಆರರ ನಂತರ ಒಂದು ಬಾಗಿಲು ತೆರೆದು, ಹಗಲು ದುಡಿದು ಬಂದವರಿಗೆ ಕನ್ನಡದಲ್ಲಿ ಈ ವಿದ್ಯೆ ಹೇಳಿಕೊಡುವುದಾದರೆ ಅದಕ್ಕೆ ಹೊಸ ಉಪಗ್ರಹವೇನೂ ಬೇಕಾಗಿಲ್ಲ.

ಪರದೆಗಳು ಇನ್ನೂ ಬರುತ್ತವೆ. ಟೆಂಡರು ಕರೆದರೆ ನಾಳೆಯೇ ಲಾರಿ ತುಂಬ ಬಂದು ಇಳಿಯುತ್ತವೆ. ಪರದೆಯ ಹಿಂದೆ ನಿಲ್ಲುವ ಮೇಷ್ಟ್ರು ಮಾತ್ರ ಲಾರಿಯಲ್ಲಿ ಬರುವುದಿಲ್ಲ. ಅವರು ಈಗಲೇ ಇಲ್ಲಿದ್ದಾರೆ, ರಾತ್ರಿ ಹನ್ನೊಂದಕ್ಕೆ ಎದ್ದು ಕೂತು ಓದುತ್ತಿದ್ದಾರೆ. ಅವರಿಗೆ ಬೇಕಾದದ್ದು ಸನ್ಮಾನದ ಶಾಲು ಅಲ್ಲ. ಒಂದು ದಿನದ ರಜೆ, ಒಂದು ಕೋಣೆ, ಮುಗಿದ ಮೇಲೆ ತಕ್ಕ ಕೆಲಸ. ಅಷ್ಟೂ ಆಗದಿದ್ದರೆ ಡಿಜಿಟಲ್ ಜಿಲ್ಲೆ ಎಂಬ ಬೋರ್ಡು ಹಾಕುವ ಖರ್ಚಾದರೂ ಉಳಿಸಲಿ.